ಫ್ಯಾನ್ ತಿರುಗುತ್ತಿಲ್ಲವೇ? ಮೋಟಾರ್ ಬಿಚ್ಚುವ ಮೊದಲು ಕರೆಂಟ್ ಎಲ್ಲಿ ನಿಂತಿದೆ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಾರಿನ ಎಂಜಿನ್ ಬಿಸಿಯಾಗುವುದರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಬರೆದವರ ಕಾಳಜಿ ಒಳ್ಳೆಯದೇ. ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್ ಮಟ್ಟ ನೋಡಿ, ಹೋಸ್ ಪೈಪ್ ಬಿರುಕು ಬಿಟ್ಟಿದೆಯಾ ನೋಡಿ ಅಂತ ಹೇಳಿದ್ದೆಲ್ಲ ಸರಿ. ಆದರೆ ಒಂದು ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಕೂಲೆಂಟ್ ತಣ್ಣಗಾಗುವ ಜಾಲರಿಗೆ, ಅಂದರೆ ರೇಡಿಯೇಟರ್‌ಗೆ, ಗಾಳಿ ಎಳೆಯುವ ಫ್ಯಾನ್ ತಿರುಗದಿದ್ದರೆ ಮೋಟಾರ್ ಹೋಗಿದೆ ಎಂದರ್ಥ, ಕೂಡಲೇ ಬದಲಿಸಿ ಅಂತ ಅದರಲ್ಲಿತ್ತು. ಹಾಗಲ್ಲ ಅಂತ ಹೇಳುವುದಕ್ಕೇ ಈ ಪತ್ರ.

ನಾನು ಕಾರಿನ ವೈರಿಂಗ್ ಕೆಲಸ ಮಾಡುವವನು. ಎಂಜಿನ್ ಬಿಚ್ಚುವುದಿಲ್ಲ, ಡೆಂಟಿಂಗ್ ಪೇಂಟಿಂಗ್ ಗೊತ್ತಿಲ್ಲ. ಫ್ಯೂಸ್, ರಿಲೇ, ಸೆನ್ಸರ್, ಮೋಟಾರ್ ಇಷ್ಟೇ ನನ್ನ ಲೋಕ. ಫ್ಯಾನ್ ತಿರುಗದ ಕಾರು ನನ್ನ ಹತ್ತಿರ ಬರುವ ಹೊತ್ತಿಗೆ ಎಷ್ಟೋ ಸಲ ಅದಕ್ಕೆ ಹೊಸ ಮೋಟಾರ್ ಬಿದ್ದಾಗಿರುತ್ತದೆ. ಹೊಸದೂ ತಿರುಗುತ್ತಿಲ್ಲ ಅಂತಲೇ ಹುಡುಕಿಕೊಂಡು ಬಂದಿರುತ್ತಾರೆ. ಡಿಕ್ಕಿಯಲ್ಲಿರುವ ಹಳೆಯ ಮೋಟಾರ್ ತೆಗೆದು ಬ್ಯಾಟರಿಗೆ ಹಚ್ಚಿದರೆ ಅದು ಗಿರ್ರೆಂದು ತಿರುಗುತ್ತದೆ. ಮಾಲೀಕರ ಮುಖ ಆಗ ನೋಡಲಾಗುವುದಿಲ್ಲ. ಕೆಡದೇ ಇರುವ ವಸ್ತುವಿಗೆ ದುಡ್ಡು ಕೊಟ್ಟಿದ್ದಾರೆ, ಕೆಟ್ಟಿರುವುದು ಹಾಗೇ ಉಳಿದಿದೆ.

ಮೊದಲಿಗೆ ಒಂದು ಮಾತು. ಫ್ಯಾನ್ ಯಾವಾಗಲೂ ತಿರುಗುತ್ತಿರಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬಾನೆಟ್ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿ, ಎರಡು ನಿಮಿಷ ನೋಡಿ, ಫ್ಯಾನ್ ಹೋಗಿದೆ ಅಂತ ತೀರ್ಮಾನ ಮಾಡಿಬಿಡುತ್ತಾರೆ. ತಣ್ಣಗಿರುವ ಎಂಜಿನ್‌ಗೆ ಫ್ಯಾನ್ ಬೇಕಾಗಿಲ್ಲ. ಕೂಲೆಂಟ್ ಸುಮಾರು 85 ರಿಂದ 90 ಡಿಗ್ರಿಗೆ ಬಂದಾಗ ಥರ್ಮೋಸ್ಟಾಟ್ ವಾಲ್ವ್ ತೆರೆದು ಅದನ್ನು ರೇಡಿಯೇಟರ್‌ಗೆ ಬಿಡುತ್ತದೆ. ಫ್ಯಾನ್ ಶುರುವಾಗುವುದು ಅದಕ್ಕಿಂತ ಮೇಲೆ. ಬಹಳಷ್ಟು ಕಾರುಗಳಲ್ಲಿ 95 ರಿಂದ 105 ಡಿಗ್ರಿ ನಡುವೆ. ಹೈವೇಯಲ್ಲಿ ಓಡುವಾಗ ಎದುರುಗಾಳಿಯೇ ರೇಡಿಯೇಟರ್ ತಣ್ಣಗೆ ಮಾಡುತ್ತದೆ, ಆಗಲೂ ಫ್ಯಾನ್‌ಗೆ ಕೆಲಸವಿಲ್ಲ. ಫ್ಯಾನ್ ಬೇಕಾಗುವುದು ಸಿಗ್ನಲ್‌ನಲ್ಲಿ ನಿಂತಾಗ, ಟ್ರಾಫಿಕ್‌ನಲ್ಲಿ ತೆವಳುವಾಗ, ಏರು ರಸ್ತೆಯಲ್ಲಿ ನಿಧಾನ ಹತ್ತುವಾಗ.

ಇದರಿಂದಲೇ ಅರ್ಧ ರೋಗ ಗೊತ್ತಾಗುತ್ತದೆ. ನಿಂತಾಗ ಟೆಂಪರೇಚರ್ ಮುಳ್ಳು ಮೇಲೇರಿ, ಓಡತೊಡಗಿದರೆ ಇಳಿಯುತ್ತದೆ ಅಂದರೆ ಫ್ಯಾನ್ ಕಡೆ ನೋಡಬೇಕು. ಓಡುವಾಗಲೇ ಏರುತ್ತಿದ್ದರೆ ಫ್ಯಾನ್ ಬಿಟ್ಟು ಬೇರೆ ಕಡೆ ನೋಡಬೇಕು. ಕೂಲೆಂಟ್ ಕಡಿಮೆ ಇರಬಹುದು, ರೇಡಿಯೇಟರ್ ಕಟ್ಟಿಕೊಂಡಿರಬಹುದು, ವಾಟರ್ ಪಂಪ್ ಹೋಗಿರಬಹುದು, ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿರಬಹುದು. ಇನ್ನೊಂದು ಸುಳಿವು ಮೊದಲೇ ಸಿಗುತ್ತದೆ, ಯಾರೂ ಗಮನಿಸುವುದಿಲ್ಲ. ನಿಂತಾಗ ಎಸಿ ತಂಪು ಕಡಿಮೆಯಾಗಿ, ಓಡುವಾಗ ಮತ್ತೆ ತಂಪು ಬಂದರೆ ಫ್ಯಾನ್ ಮೇಲೆ ಅನುಮಾನ ಪಡಿ. ಎಸಿ ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್ ಇರುವುದು ರೇಡಿಯೇಟರ್ ಮುಂದೆಯೇ, ಅದಕ್ಕೂ ಗಾಳಿ ಎಳೆದುಕೊಡುವುದು ಫ್ಯಾನೇ. ಗ್ಯಾಸ್ ಕಡಿಮೆಯಾಗಿದೆ ಅಂತ ಎಸಿ ಗ್ಯಾಸ್ ತುಂಬಿಸಿಕೊಂಡು, ಆಮೇಲೆ ಎಂಜಿನ್ ಕುದಿಸಿಕೊಂಡು ಬಂದವರನ್ನು ನೋಡಿದ್ದೇನೆ.

ಟೆಂಪರೇಚರ್ ಮುಳ್ಳನ್ನೂ ಪೂರ್ತಿ ನಂಬಬೇಡಿ. ಈಗಿನ ಎಷ್ಟೋ ಕಾರುಗಳಲ್ಲಿ ಅದು ದೊಡ್ಡ ಅಂತರದವರೆಗೂ ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಅದು ಅಲ್ಲಾಡುವ ಹೊತ್ತಿಗೆ ಬಿಸಿ ಆಗಲೇ ಜಾಸ್ತಿಯಾಗಿರುತ್ತದೆ. ಕೆಲವು ಕಾರುಗಳಲ್ಲಿ ಮುಳ್ಳೇ ಇಲ್ಲ, ಒಂದು ಕೆಂಪು ದೀಪ ಮಾತ್ರ. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಓಬಿಡಿ ಸ್ಕ್ಯಾನರ್ ಹಾಕಿದರೆ ಡಿಗ್ರಿ ಲೆಕ್ಕದಲ್ಲಿ ನಿಜವಾದ ಅಂಕಿ ಕಾಣುತ್ತದೆ. ಆ ಅಂಕಿ 105 ದಾಟಿದರೂ ಫ್ಯಾನ್ ಸುಮ್ನೆ ಕೂತಿದ್ದರೆ, ಆಗ ಹೇಳಬಹುದು ಫ್ಯಾನ್ ತಿರುಗುತ್ತಿಲ್ಲ ಅಂತ.

ಇನ್ನು ಹುಡುಕುವ ಕೆಲಸ. ಫ್ಯಾನ್ ತಿರುಗಬೇಕಾದರೆ ಬ್ಯಾಟರಿಯಿಂದ ಹೊರಟ ಕರೆಂಟ್ ಫ್ಯೂಸ್ ದಾಟಬೇಕು, ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ರಿಲೇ ದಾಟಬೇಕು, ವೈರ್ ಕೂಡಿಸುವ ಪ್ಲಗ್ ಅಂದರೆ ಕಪ್ಲರ್ ದಾಟಿ ಮೋಟಾರಿನೊಳಗೆ ಹೋಗಬೇಕು, ಅಲ್ಲಿಂದ ಅರ್ತ್ ವೈರ್ ಮತ್ತು ಕಾರಿನ ಲೋಹದ ಬಾಡಿ ಹಿಡಿದು ವಾಪಸ್ ಬ್ಯಾಟರಿಗೆ ಬರಬೇಕು. ಇದು ಒಂದು ದಾರಿ. ಇದಲ್ಲದೆ ರಿಲೇಗೆ ಈಗ ಆನ್ ಆಗು ಅಂತ ಹೇಳುವವರೂ ಬೇಕು. ಅದು ಸೆನ್ಸರ್ ಮತ್ತು ಎಂಜಿನ್ ಕಂಪ್ಯೂಟರ್, ನಾವು ಇಸಿಯು ಅನ್ನುವ ಡಬ್ಬಿ. ಇಷ್ಟರಲ್ಲಿ ಎಲ್ಲಿ ಕಡಿದರೂ ಹೊರಗೆ ಕಾಣುವುದು ಒಂದೇ, ಫ್ಯಾನ್ ನಿಂತಿದೆ. ಮೋಟಾರ್ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರೂ ಮೊದಲು ಅದರ ಮೇಲೆ ಕೈ ಹಾಕುತ್ತಾರೆ.

ನಾನು ಮೊದಲು ಮಾಡುವುದು ಎಸಿ ಆನ್. ಇದಕ್ಕೆ ಯಾವ ಉಪಕರಣವೂ ಬೇಡ, ಕಾರಿನ ಮಾಲೀಕರೇ ಮಾಡಬಹುದು. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದರೆ ಎಂಜಿನ್ ತಣ್ಣಗಿದ್ದರೂ ಫ್ಯಾನ್ ಶುರುವಾಗುತ್ತದೆ. ಕೆಲವದರಲ್ಲಿ ಗ್ಯಾಸಿನ ಒತ್ತಡ ಏರುವವರೆಗೆ ಸ್ವಲ್ಪ ಹೊತ್ತು ಕಾಯಬೇಕು. ಎಸಿಗೆ ಫ್ಯಾನ್ ತಿರುಗಿತು, ಎಂಜಿನ್ ಬಿಸಿಯಾದಾಗ ಮಾತ್ರ ತಿರುಗುವುದಿಲ್ಲ ಅಂದರೆ ಮೋಟಾರ್ ಸರಿಯಾಗಿದೆ, ಅದರ ವೈರಿಂಗೂ ಸರಿಯಾಗಿದೆ. ತಪ್ಪು ಬಿಸಿ ಅಳೆಯುವ ಕಡೆ ಇದೆ. ಒಂದು ಸ್ವಿಚ್ ಒತ್ತಿ ಮೋಟಾರಿನ ಖರ್ಚು ಉಳಿಸಬಹುದು. ಆದರೆ ಎರಡು ಫ್ಯಾನ್ ಇರುವ ಕಾರುಗಳಲ್ಲಿ ಹುಷಾರು. ಎಸಿಗೆ ಒಂದು, ರೇಡಿಯೇಟರ್‌ಗೆ ಒಂದು ಅಂತ ಬೇರೆ ಬೇರೆ ಇದ್ದರೆ, ಯಾವುದು ತಿರುಗಿತು ಅಂತ ಬಗ್ಗಿ ನೋಡಬೇಕು.

ಬಗ್ಗಿ ನೋಡಿ ಅಂದೆ, ಕೈ ಹಾಕಿ ಅನ್ನಲಿಲ್ಲ. ಬಿಸಿ ಎಂಜಿನ್‌ನ ಫ್ಯಾನ್ ಕೀ ತೆಗೆದ ಮೇಲೂ ತಾನಾಗಿ ತಿರುಗಬಹುದು. ನಿಂತಿದೆಯಲ್ಲ ಅಂತ ರೆಕ್ಕೆ ಹಿಡಿದು ನೋಡುವ ಅಭ್ಯಾಸ ಬಹಳ ಕೆಟ್ಟದ್ದು. ಕೈಯಿಂದ ತಿರುಗಿಸಿ ನೋಡಬೇಕಾದರೆ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಬೇಕು. ಸಡಿಲವಾದ ಅಂಗಿ ತೋಳು, ಕೊರಳಿನ ಶಾಲು, ಬಿಟ್ಟ ಕೂದಲು ಯಾವುದೂ ಆ ಹತ್ತಿರ ಬರಬಾರದು. ರೇಡಿಯೇಟರ್ ಮುಚ್ಚಳದ ಮಾತು ಇನ್ನೂ ಮುಖ್ಯ. ಬಿಸಿ ಇದ್ದಾಗ ಅದನ್ನು ತೆಗೆಯಲೇಬೇಡಿ. ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟಿರುತ್ತದೆ. ಆ ಒತ್ತಡದಿಂದಲೇ ಕೂಲೆಂಟ್ 120 ಡಿಗ್ರಿಯವರೆಗೂ ಕುದಿಯದೆ ಇರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಹೋಗುತ್ತದೆ, ಒಳಗಿನದೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಿ, ಹಿಸುಕಿದರೆ ಮೆತ್ತಗಿರುವವರೆಗೆ ಕಾಯಬೇಕು. ಆಮೇಲೂ ದಪ್ಪ ಬಟ್ಟೆ ಹಾಕಿಯೇ ತೆಗೆಯಿರಿ.

ಮುಚ್ಚಳ ತೆಗೆದಾಗ ಕೂಲೆಂಟ್ ಎಷ್ಟಿದೆ ನೋಡಿ. ಇದು ವೈರಿಂಗ್‌ಗೆ ಸಂಬಂಧವಿಲ್ಲದ ಮಾತು ಅನಿಸಬಹುದು. ಸಂಬಂಧ ಇದೆ. ಬಿಸಿ ಅಳೆಯುವ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿರಬೇಕು. ಕೂಲೆಂಟ್ ಇಳಿದು ಸೆನ್ಸರ್ ಗಾಳಿಯಲ್ಲಿ ನಿಂತರೆ ಅದಕ್ಕೆ ಬಿಸಿ ಸರಿಯಾಗಿ ತಗಲುವುದಿಲ್ಲ. ಎಂಜಿನ್ ಸುಡುತ್ತಿರುತ್ತದೆ, ಸೆನ್ಸರ್ ಮಾತ್ರ ಕಡಿಮೆ ಡಿಗ್ರಿ ಹೇಳುತ್ತಿರುತ್ತದೆ, ಫ್ಯಾನ್ ಶುರುವಾಗುವುದೇ ಇಲ್ಲ. ಕೂಲೆಂಟ್ ಬದಲಿಸಿದ ಮೇಲೆ ಒಳಗೆ ಗಾಳಿ ಸಿಕ್ಕಿಕೊಂಡರೂ ಹೀಗೇ ಆಗುತ್ತದೆ. ಅಂಥ ಕಾರಿನಲ್ಲಿ ಮೋಟಾರ್, ರಿಲೇ, ಫ್ಯೂಸ್ ಎಲ್ಲವೂ ಚೆನ್ನಾಗಿರುತ್ತವೆ. ಕೂಲೆಂಟ್ ಯಾಕೆ ಇಳಿಯಿತು ಅಂತ ಹುಡುಕಿ, ತುಂಬಿ, ಗಾಳಿ ತೆಗೆದರೆ ಮುಗಿಯಿತು.

ಫ್ಯೂಸ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಫ್ಯಾನಿನ ಫ್ಯೂಸ್ ದೊಡ್ಡದು, ಸಾಮಾನ್ಯವಾಗಿ 30 ಅಥವಾ 40 ಆಂಪಿಯರ್, ಬಾನೆಟ್ ಒಳಗಿನ ಡಬ್ಬಿಯಲ್ಲಿರುತ್ತದೆ. ಯಾವುದು ಅಂತ ಹೆಚ್ಚಿನ ಕಾರುಗಳಲ್ಲಿ ಡಬ್ಬಿಯ ಮುಚ್ಚಳದ ಒಳಗೇ ಚಿತ್ರ ಇರುತ್ತದೆ. ಕಣ್ಣಲ್ಲಿ ನೋಡಿ ಸರಿಯಿದೆ ಅನ್ನಬೇಡಿ, ಟೆಸ್ಟ್ ಲ್ಯಾಂಪ್ ಹಿಡಿದು ಎರಡೂ ಬದಿ ಉರಿಯುತ್ತದಾ ನೋಡಿ. ಫ್ಯೂಸ್ ಸುಟ್ಟಿದ್ದರೆ ಅದು ಸುಮ್ಮನೆ ಸುಡುವುದಿಲ್ಲ. ಒಂದೋ ವೈರ್ ಎಲ್ಲೋ ಬಾಡಿಯ ಲೋಹಕ್ಕೆ ತಾಗಿದೆ, ಇಲ್ಲವೇ ಮೋಟಾರ್ ಜಾಮ್ ಆಗಿ ಜಾಸ್ತಿ ಕರೆಂಟ್ ಎಳೆಯುತ್ತಿದೆ. ಹೊಸ ಫ್ಯೂಸ್ ಹಾಕಿದ ಕೂಡಲೇ ಅದೂ ಹೋದರೆ, 30ರ ಜಾಗಕ್ಕೆ 40ರದ್ದು ಹಾಕುವುದು, ತಾಮ್ರದ ವೈರ್ ಸುತ್ತುವುದು ಇಂಥದ್ದು ಮಾಡಿದರೆ ಮುಂದೆ ಸುಡುವುದು ವೈರಿಂಗೇ. ಕಾರಿಗೆ ಬೆಂಕಿ ಹತ್ತುವ ದಾರಿ ಅದು.

ರಿಲೇ ಕೂಡ ಕಷ್ಟದ್ದಲ್ಲ. ಸಾಮಾನ್ಯ ರಿಲೇಯಲ್ಲಿ ನಾಲ್ಕು ಪಿನ್. 85 ಮತ್ತು 86 ಒಳಗಿನ ಕಾಯಿಲ್‌ಗೆ, 30 ಮತ್ತು 87 ದೊಡ್ಡ ಕರೆಂಟ್ ಹಾಯುವುದಕ್ಕೆ. ಅದೇ ಡಬ್ಬಿಯಲ್ಲಿ ಹಾರ್ನ್‌ಗೋ ಇನ್ನೊಂದಕ್ಕೋ ಅದೇ ನಂಬರಿನ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಬಹುದು. ಫ್ಯಾನ್ ತಿರುಗಿತು, ಹಾರ್ನ್ ನಿಂತಿತು ಅಂದರೆ ಉತ್ತರ ಸಿಕ್ಕಿತು. ಟಕ್ ಅಂತ ಸದ್ದು ಬಂತು, ಆದ್ದರಿಂದ ರಿಲೇ ಸರಿ ಅಂತ ಕೆಲವರು ಬಿಟ್ಟುಬಿಡುತ್ತಾರೆ. ಆ ಸದ್ದು ಕಾಯಿಲ್‌ನದ್ದು. ಒಳಗೆ ಕರೆಂಟ್ ಕೂಡಿಸುವ ಪಾಯಿಂಟ್ ಸುಟ್ಟು ಕಪ್ಪಾಗಿದ್ದರೂ ಟಕ್ ಅನ್ನುತ್ತದೆ, ಕರೆಂಟ್ ಮಾತ್ರ ಹಾಯುವುದಿಲ್ಲ. ರಿಲೇ ಕಿತ್ತು, ಸಾಕೆಟ್‌ನಲ್ಲಿ 30 ಮತ್ತು 87ರ ಜಾಗಕ್ಕೆ ಫ್ಯೂಸ್ ಇರುವ ದಪ್ಪ ವೈರ್ ಕೊಟ್ಟರೆ ಫ್ಯಾನ್ ತಿರುಗಬೇಕು. ತಿರುಗಿದರೆ ರಿಲೇಯಿಂದ ಮುಂದಿನ ದಾರಿಯೆಲ್ಲ ಸರಿ, ರಿಲೇಯಲ್ಲಿ ಇಲ್ಲವೇ ಅದಕ್ಕೆ ಆಜ್ಞೆ ಕೊಡುವ ಕಡೆ ಹುಡುಕಬೇಕು. ತಿರುಗದಿದ್ದರೆ ಮುಂದೆ ಹೋಗಬೇಕು. ಇಡೀ ಹುಡುಕಾಟವನ್ನು ಎರಡು ಹೋಳು ಮಾಡುವ ಜಾಗ ಇದು. ಹಾಗಾಗಿ ನಾನು ಬೇಗನೆ ಇಲ್ಲಿಗೆ ಬರುತ್ತೇನೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ಕಪ್ಲರ್ ಮತ್ತು ಅರ್ತ್. ಮೋಟಾರ್ ಸುಮ್ಮನೆ ಬದಲಾಗುವುದು ಜಾಸ್ತಿ ಇಲ್ಲಿಯೇ.

ಒಂದು ಕಾರಿನ ವಿಷಯ ಹೇಳುತ್ತೇನೆ. ಬೇರೊಂದು ಕಡೆ ಹೊಸ ಮೋಟಾರ್ ಹಾಕಿಸಿಕೊಂಡು ಬಂದಿತ್ತು. ಅಲ್ಲಿ ಮಲ್ಟಿಮೀಟರ್ ಹಿಡಿದು ನೋಡಿಯೂ ಇದ್ದರು. ಕಪ್ಲರ್‌ನಲ್ಲಿ 12 ವೋಲ್ಟ್ ಬರುತ್ತಿದೆ, ಆದರೂ ಫ್ಯಾನ್ ತಿರುಗುತ್ತಿಲ್ಲ, ಅಂದಮೇಲೆ ಮೋಟಾರ್ ಹೋಗಿದೆ. ಇದು ಅವರ ಲೆಕ್ಕ. ಕೇಳಲು ಸರಿ ಅನಿಸುತ್ತದೆ. ನಾನೂ ಮೀಟರ್ ಹಿಡಿದೆ, 12 ವೋಲ್ಟ್ ತೋರಿಸಿತು. ಆಮೇಲೆ ನನ್ನ ಹತ್ತಿರ ಇರುವ ಹಳೆಯ ಹೆಡ್‌ಲೈಟ್ ಬಲ್ಬ್ ಒಂದನ್ನು ಅದೇ ಎರಡು ಪಿನ್‌ಗೆ ಹಚ್ಚಿದೆ. ಬಲ್ಬ್ ಬೆಳಗಲಿಲ್ಲ. ತಂತಿ ಮಾತ್ರ ಕೆಂಡದ ಹಾಗೆ ಮಂಕಾಗಿ ಕೆಂಪಾಯಿತು.

ಕಾರಣ ಹೇಳುತ್ತೇನೆ. ಮಲ್ಟಿಮೀಟರ್ ತಾನು ಅಳೆಯುವಾಗ ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಇಡೀ ವೈರ್ ಕಿತ್ತು ಒಂದೇ ಒಂದು ಎಳೆ ಉಳಿದಿದ್ದರೂ, ತುಕ್ಕಿನ ಮೂಲಕ ಚೂರು ತಾಗಿಕೊಂಡಿದ್ದರೂ ಅದಕ್ಕೆ 12 ವೋಲ್ಟ್ ಕಾಣುತ್ತದೆ. ಫ್ಯಾನ್ ಮೋಟಾರ್ ಹಾಗಲ್ಲ. ಕಾರಿಗೆ ತಕ್ಕ ಹಾಗೆ 10 ರಿಂದ 30 ಆಂಪಿಯರ್ ಎಳೆಯುತ್ತದೆ. ಸೊಂಡಿಲಿನಷ್ಟು ನೀರು ಬೇಕಾದಲ್ಲಿ ಸೂಜಿಯಷ್ಟು ತೂತಿದ್ದ ಹಾಗೆ. 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬ್ ನಾಲ್ಕೂವರೆ ಆಂಪಿಯರ್ ಹತ್ತಿರ ಎಳೆಯುತ್ತದೆ. ಅಷ್ಟಕ್ಕೇ ದಾರಿ ಕಟ್ಟುತ್ತಿದೆ ಅಂದರೆ ಮೋಟಾರಿಗೆ ಏನು ಸಿಕ್ಕೀತು? ಹೊಸ ಮೋಟಾರೇ ಹಾಕಿ, ಇನ್ನೂ ದುಬಾರಿಯದೇ ಹಾಕಿ, ಅದು ತಿರುಗುವುದಿಲ್ಲ.

ಆ ಕಾರಿನಲ್ಲಿ ಬಲ್ಬಿನ ಒಂದು ಕಾಲನ್ನು ನೇರ ಬ್ಯಾಟರಿ ನೆಗೆಟಿವ್‌ಗೆ ಕೊಟ್ಟೆ. ಕಣ್ಣು ಕುಕ್ಕುವಷ್ಟು ಬೆಳಗಿತು. ಅಂದರೆ ಪಾಸಿಟಿವ್ ಕಡೆ ಚೆನ್ನಾಗಿದೆ, ಅರ್ತ್ ಹೋಗಿದೆ. ಅರ್ತ್ ವೈರ್ ಹಿಡಿದುಕೊಂಡು ಹೋದರೆ ಅದು ಬ್ಯಾಟರಿ ಟ್ರೇ ಕೆಳಗೆ ಬಾಡಿಯ ಲೋಹಕ್ಕೆ ಬೋಲ್ಟ್ ಆಗಿತ್ತು. ಬ್ಯಾಟರಿಯ ಆಸಿಡ್ ಹನಿದು ಹನಿದು ವೈರ್ ತುದಿಯ ಲೋಹದ ಕೊಂಡಿ, ಅಂದರೆ ಲಗ್ ಮೇಲೆ ಬಿಳಿ ಪುಡಿ ಕಟ್ಟಿತ್ತು, ಅದರ ಕೆಳಗೆ ತಾಮ್ರ ಹಸಿರಾಗಿತ್ತು. ಬೋಲ್ಟ್ ನೋಡಲು ಬಿಗಿಯಾಗಿಯೇ ಇತ್ತು. ಬಿಚ್ಚಿದಾಗ ಲಗ್‌ನಿಂದ ವೈರ್ ತಾನಾಗಿ ಕಳಚಿ ಕೈಗೆ ಬಂತು. ಹಸಿರಾದ ಭಾಗ ಕತ್ತರಿಸಿ, ಹೊಸ ಲಗ್ ಹಾಕಿ, ಬಾಡಿಯ ಪೇಂಟ್ ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಫ್ಯಾನ್ ತಿರುಗಿತು. ಆಮೇಲೆ ಹಳೆಯ ಮೋಟಾರ್ ಅದೇ ಕಪ್ಲರ್‌ಗೆ ಹಾಕಿ ಮಾಲೀಕರಿಗೆ ತೋರಿಸಿದೆ. ಅದೂ ಅಷ್ಟೇ ಚೆನ್ನಾಗಿ ತಿರುಗಿತು.

ಮೀಟರ್ ಇದ್ದವರು ಇದನ್ನೇ ಇನ್ನೊಂದು ರೀತಿ ನೋಡಬಹುದು. ಕಪ್ಲರ್ ಹಾಕಿದ ಹಾಗೇ ಇರಲಿ, ಫ್ಯಾನಿಗೆ ಕರೆಂಟ್ ಕೊಟ್ಟಿರಲಿ. ಮೀಟರಿನ ಒಂದು ಕಡ್ಡಿ ಮೋಟಾರಿನ ಅರ್ತ್ ಪಿನ್‌ಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ. ಸೊನ್ನೆಯ ಹತ್ತಿರ, ಹೆಚ್ಚೆಂದರೆ ಅರ್ಧ ವೋಲ್ಟ್ ಒಳಗೆ ತೋರಿಸಬೇಕು. ಎರಡು ಮೂರು ವೋಲ್ಟ್ ಬಂದರೆ ಅರ್ತ್ ಕೆಟ್ಟಿದೆ. 12 ವೋಲ್ಟೇ ಬಂದರೆ ಅರ್ತ್ ಪೂರ್ತಿ ಕಡಿದಿದೆ. ಮುಖ್ಯ ಸಂಗತಿ ಏನೆಂದರೆ, ಕಪ್ಲರ್ ಬಿಚ್ಚಿ ಅಳೆದದ್ದನ್ನು ಮಾತ್ರ ನಂಬಬಾರದು. ಕೆಲಸ ಮಾಡುತ್ತಿರುವಾಗ ಅಳೆಯಬೇಕು.

ಕಪ್ಲರ್ ಬಗ್ಗೆಯೂ ಇದೇ ಮಾತು. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯಾ, ಪಿನ್ ಸುತ್ತ ಕರಗಿದೆಯಾ ನೋಡಿ. ಮುದಿ ಮೋಟಾರ್ ಜಾಸ್ತಿ ಕರೆಂಟ್ ಎಳೆದು ಕಪ್ಲರ್ ಕರಗಿಸಿರುತ್ತದೆ. ಮೋಟಾರ್ ಹೊಸದು ಹಾಕಿ, ಕರಗಿದ ಕಪ್ಲರ್ ಅದನ್ನೇ ಒತ್ತಿ ಬಿಟ್ಟರೆ, ಸಡಿಲ ಪಿನ್ ಮತ್ತೆ ಬಿಸಿಯಾಗಿ ಹೊಸ ಮೋಟಾರೂ ಕೆಲವು ದಿನದಲ್ಲಿ ನಿಲ್ಲುತ್ತದೆ. ಆಗ ಪಾರ್ಟ್ ಡೂಪ್ಲಿಕೇಟ್ ಅಂತ ಬೈಯುತ್ತಾರೆ. ಪಾರ್ಟ್ ಒಳ್ಳೆಯದೇ ಇತ್ತು.

ಮೋಟಾರ್ ಕೆಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೆಡುತ್ತದೆ, ಅದನ್ನು ಗುರುತಿಸುವುದೂ ಸುಲಭ. ಬ್ಯಾಟರಿ ಬಿಚ್ಚಿ ರೆಕ್ಕೆ ತಿರುಗಿಸಿದಾಗ ಬಿಗಿಯಾಗಿದ್ದರೆ, ಗರಗರ ಅಂದರೆ, ಮೇಲೆ ಕೆಳಗೆ ಆಡಿದರೆ ಬುಷ್ ಅಥವಾ ಬೇರಿಂಗ್ ಹೋಗಿದೆ. ಫ್ಯೂಸ್ ಇರುವ ವೈರಿನಿಂದ ನೇರ ಬ್ಯಾಟರಿ ಕೊಟ್ಟರೂ ತಿರುಗದಿದ್ದರೆ ಮೋಟಾರ್ ಸತ್ತಿದೆ. ನೇರ ಕೊಟ್ಟಾಗ ತಿರುಗದೆ, ಹಿಂಬದಿಗೆ ಮೆಲ್ಲಗೆ ತಟ್ಟಿದಾಗ ತಿರುಗಿದರೆ ಕಾರ್ಬನ್ ಬ್ರಷ್ ಸವೆದಿದೆ. ತಟ್ಟಿ ಓಡಿಸಿಕೊಂಡು ಮನೆಗೆ ಹೋಗಬಹುದು, ದೂರ ಪ್ರಯಾಣ ಬೇಡ. ಇಷ್ಟು ನೋಡಿದ ಮೇಲೆ ಮೋಟಾರ್ ಬದಲಿಸಿ ಅಂದರೆ ಅದಕ್ಕೆ ನನ್ನ ತಕರಾರೇ ಇಲ್ಲ. ಹೊಸದು ಹಾಕಿದ ಮೇಲೆ ಒಂದು ಹಾಳೆ ಕಾಗದ ತೆಗೆದು ಮುಂದಿನ ಗ್ರಿಲ್‌ಗೆ ಹಿಡಿದು ನೋಡಿ. ಫ್ಯಾನ್ ರೇಡಿಯೇಟರ್ ಹಿಂದೆ ಇರುವ ಕಾರುಗಳಲ್ಲಿ ಕಾಗದ ಒಳಗೆ ಎಳೆದುಕೊಳ್ಳಬೇಕು. ಹೊರಗೆ ತಳ್ಳಿದರೆ ವೈರ್ ಉಲ್ಟಾ ಆಗಿ ಫ್ಯಾನ್ ಉಲ್ಟಾ ತಿರುಗುತ್ತಿದೆ. ತಿರುಗುವುದೇನೋ ತಿರುಗುತ್ತದೆ, ಎಂಜಿನ್ ಮಾತ್ರ ಬಿಸಿಯಾಗುತ್ತಲೇ ಇರುತ್ತದೆ.

ಇನ್ನು ಆಜ್ಞೆ ಕೊಡುವ ಕಡೆ. ಹಳೆಯ ಕಾರುಗಳಲ್ಲಿ ರೇಡಿಯೇಟರ್‌ಗೇ ಒಂದು ಥರ್ಮೋ ಸ್ವಿಚ್ ಇರುತ್ತದೆ. ಬಿಸಿಯಾದಾಗ ಒಳಗೆ ಎರಡು ಪಾಯಿಂಟ್ ಕೂಡಿಕೊಳ್ಳುತ್ತವೆ. ಅದರ ಕಪ್ಲರ್ ಕಿತ್ತು, ಎರಡು ಪಿನ್‌ಗೆ ಚಿಕ್ಕ ವೈರ್ ಕೊಟ್ಟು, ಕೀ ಆನ್ ಮಾಡಿದರೆ ಫ್ಯಾನ್ ತಿರುಗಬೇಕು. ತಿರುಗಿದರೆ ಸ್ವಿಚ್ ಬದಲಿಸಿದರೆ ಸಾಕು. ಆದರೆ ಸ್ವಿಚ್ ಬದಲಿಸುವ ಮೊದಲು ಕೆಳಗಿನ ಹೋಸ್ ಮುಟ್ಟಿ ನೋಡಿ. ಮೇಲಿನದು ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ, ಇಲ್ಲವೇ ರೇಡಿಯೇಟರ್ ಕಟ್ಟಿದೆ. ಬಿಸಿ ನೀರೇ ಬರದಿದ್ದರೆ ಸ್ವಿಚ್ ಪಾಪ ಏನು ಮಾಡುತ್ತದೆ?

ಹೊಸ ಕಾರುಗಳಲ್ಲಿ ಸ್ವಿಚ್ ಬದಲು ಸೆನ್ಸರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಬಹಳಷ್ಟು ಕಾರುಗಳಲ್ಲಿ ತಣ್ಣಗಿದ್ದಾಗ ಎರಡು ಮೂರು ಸಾವಿರ ಓಮ್, ಎಂಜಿನ್ ಬಿಸಿಯಾದಾಗ ಕೆಲವು ನೂರು ಓಮ್. ಇದರ ಎರಡು ಪಿನ್ ಕೂಡಿಸುವ ಕೆಲಸ ಮಾಡಬೇಡಿ. ಎಂಜಿನ್ ಓಡುತ್ತಿರುವಾಗ ಕಪ್ಲರ್ ಕಿತ್ತರೆ ಸಾಕು. ಸೆನ್ಸರ್ ಕಾಣೆಯಾಯಿತು ಅಂತ ಇಸಿಯುಗೆ ಗೊತ್ತಾಗಿ, ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಉಳಿಸಲು ಅದೇ ಫ್ಯಾನ್ ಆನ್ ಮಾಡುತ್ತದೆ. ಹಾಗೆ ತಿರುಗಿದರೆ ಇಸಿಯು, ರಿಲೇ, ಮೋಟಾರ್ ಮೂರೂ ಚೆನ್ನಾಗಿವೆ. ಚೆಕ್ ಎಂಜಿನ್ ದೀಪ ಹತ್ತುತ್ತದೆ, ಆಮೇಲೆ ಇಸಿಯು ಬರೆದಿಟ್ಟ ತಪ್ಪಿನ ಕೋಡ್ ಅಳಿಸಿಕೊಳ್ಳಬೇಕು.

ಕೋಡ್ ಅಂದಾಗ ಒಂದು ಎಚ್ಚರಿಕೆ. ಸ್ಕ್ಯಾನರ್‌ನಲ್ಲಿ ಪಿ0480 ಬಂದರೆ ಅದು ಫ್ಯಾನ್ ಕಂಟ್ರೋಲ್ ಸರ್ಕಿಟ್ ಬಗ್ಗೆ ಹೇಳುತ್ತದೆ. ಪಿ0117, ಪಿ0118 ಬಂದರೆ ಕೂಲೆಂಟ್ ಸೆನ್ಸರ್ ಸರ್ಕಿಟ್ ಬಗ್ಗೆ. ಕೋಡ್ ಹೇಳುವುದು ಯಾವ ಬೀದಿ ಅಂತ ಮಾತ್ರ, ಯಾವ ಮನೆ ಅಂತ ಅಲ್ಲ. ಸರ್ಕಿಟ್ ಅಂದಮೇಲೆ ವೈರ್, ಕಪ್ಲರ್, ರಿಲೇ ಎಲ್ಲ ಅದರಲ್ಲೇ ಬಂತು. ಕೋಡ್ ಬಂದಿದೆ, ಪಾರ್ಟ್ ಬದಲಿಸಿ ಅಂದರೆ ಒಪ್ಪಬೇಡಿ.

ಎರಡು ಸ್ಪೀಡ್ ಇರುವ ಫ್ಯಾನಿನ ಕಥೆ ಸ್ವಲ್ಪ ಬೇರೆ. ನಿಧಾನದ ಸ್ಪೀಡ್‌ಗೆ ಕರೆಂಟ್ ತಗ್ಗಿಸುವ ಒಂದು ರೆಸಿಸ್ಟರ್ ಇರುತ್ತದೆ, ಸಾಮಾನ್ಯವಾಗಿ ಫ್ಯಾನಿನ ಚೌಕಟ್ಟಿನಲ್ಲೇ. ಅದು ಸುಟ್ಟರೆ ಫ್ಯಾನ್ ಮೊದಲ ಹಂತದಲ್ಲಿ ತಿರುಗುವುದಿಲ್ಲ. ಬಿಸಿ ಇನ್ನೂ ಏರಿದ ಮೇಲೆ ಒಮ್ಮೆಗೇ ಜೋರಾಗಿ ಭರ್ರೆಂದು ಶುರುವಾಗುತ್ತದೆ. ನಮ್ಮ ಕಾರಿನ ಫ್ಯಾನ್ ಈಚೆಗೆ ಬಹಳ ಸದ್ದು ಮಾಡುತ್ತದೆ ಅಂತ ಬಂದವರಲ್ಲಿ ಎಷ್ಟೋ ಸಲ ಇದೇ ಇರುತ್ತದೆ. ಇನ್ನೂ ಹೊಸ ಕಾರುಗಳಲ್ಲಿ ರಿಲೇಯ ಜಾಗದಲ್ಲಿ ಒಂದು ಕಂಟ್ರೋಲ್ ಮಾಡ್ಯೂಲ್ ಇದ್ದು, ಬೇಕಾದಷ್ಟೇ ವೇಗದಲ್ಲಿ ಫ್ಯಾನ್ ಓಡಿಸುತ್ತದೆ. ಅಂಥ ಕಾರಿನಲ್ಲಿ ಕಂಡ ಕಂಡ ಪಿನ್‌ಗೆ ನೇರ ಬ್ಯಾಟರಿ ಕೊಡಬೇಡಿ, ಮಾಡ್ಯೂಲ್ ಸುಟ್ಟೀತು. ಸ್ಕ್ಯಾನರ್‌ನಿಂದಲೇ ಫ್ಯಾನ್‌ಗೆ ಆಜ್ಞೆ ಕೊಟ್ಟು ನೋಡುವ ವ್ಯವಸ್ಥೆ ಇರುತ್ತದೆ, ಅದನ್ನು ಬಳಸಬೇಕು. ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗಳ ಹತ್ತಿರ ಕೈ ಬೇಡ.

ದಾರಿಯಲ್ಲಿ ಫ್ಯಾನ್ ಕೈಕೊಟ್ಟರೆ ಏನು ಮಾಡಬೇಕು ಅಂತ ನಿಮ್ಮ ಬರಹದಲ್ಲಿ ಇರಲಿಲ್ಲ, ಅದನ್ನೂ ಸೇರಿಸುತ್ತೇನೆ. ಮುಳ್ಳು ಏರತೊಡಗಿದ ಕೂಡಲೇ ಎಸಿ ಆಫ್ ಮಾಡಿ. ಹೀಟರ್ ಪೂರ್ತಿ ಬಿಸಿಗೆ ಇಟ್ಟು ಬ್ಲೋವರ್ ಜೋರಾಗಿ ಹಾಕಿ, ಕಿಟಕಿ ಇಳಿಸಿ. ಸೆಖೆಗೆ ಪ್ರಾಣ ಹೋದ ಹಾಗೆ ಆಗುತ್ತದೆ ನಿಜ. ಆದರೆ ಹೀಟರಿನೊಳಗೂ ಒಂದು ಪುಟ್ಟ ರೇಡಿಯೇಟರ್ ಇದೆ, ಎಂಜಿನ್ನಿನ ಬಿಸಿ ಅಷ್ಟು ಹೊರಗೆ ಹೋಗುತ್ತದೆ. ರಸ್ತೆ ಖಾಲಿಯಿದ್ದರೆ ನಿಲ್ಲದೆ ಒಂದೇ ವೇಗದಲ್ಲಿ ಹೋಗುವುದು ನಿಲ್ಲುವುದಕ್ಕಿಂತ ಒಳ್ಳೆಯದು. ಆದರೂ ಮುಳ್ಳು ಕೆಂಪಿಗೆ ಬಂತು, ಇಲ್ಲವೇ ಕೆಂಪು ದೀಪ ಹತ್ತಿತು ಅಂದರೆ ಇನ್ನೊಂದು ಸ್ವಲ್ಪ ದೂರ ಅಲ್ವಾ ಅಂತ ಓಡಿಸಬೇಡಿ. ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಮೇಲೆ ತಣ್ಣೀರು ಸುರಿಯಬೇಡಿ, ಸುಡುವ ಲೋಹ ಬಿರುಕು ಬಿಡುತ್ತದೆ. ಈಗಿನ ಎಂಜಿನ್‌ಗಳ ಮೇಲಿನ ಭಾಗ, ಅಂದರೆ ಹೆಡ್, ಅಲ್ಯೂಮಿನಿಯಂನದು, ಬಿಸಿ ಮಿತಿ ಮೀರಿದರೆ ಬಾಗುತ್ತದೆ, ಅದರ ಕೆಳಗಿನ ಗ್ಯಾಸ್ಕೆಟ್ ಹೋಗುತ್ತದೆ. ಆಮೇಲೆ ಕೆಲಸ ನನ್ನ ಕೈಯಲ್ಲಿ ಇರುವುದಿಲ್ಲ, ಎಂಜಿನ್ ಬಿಚ್ಚುವವರ ಹತ್ತಿರವೇ ಹೋಗಬೇಕು.

ಮುಂದೆ ಇಂಥ ಬರಹ ಹಾಕುವಾಗ ಓದುಗರಿಗೆ ಒಂದು ಪ್ರಶ್ನೆ ಕಲಿಸಿಕೊಡಿ ಅಂತ ನನ್ನ ಕೋರಿಕೆ. ಯಾರೇ ಆಗಲಿ ಫ್ಯಾನ್ ಮೋಟಾರ್ ಬದಲಿಸಬೇಕು ಅಂದರೆ, ನೇರ ಬ್ಯಾಟರಿ ಕೊಟ್ಟು ನೋಡಿದ್ರಾ ಅಂತ ಕೇಳಲಿ. ನನ್ನ ಮುಂದೆ ಇನ್ನೊಮ್ಮೆ ಕೊಟ್ಟು ತೋರಿಸಿ ಅನ್ನಲಿ. ಐದು ನಿಮಿಷದ ಕೆಲಸ. ಸರಿಯಾಗಿ ಕೆಲಸ ಮಾಡುವವರು ಬೇಜಾರು ಮಾಡಿಕೊಳ್ಳುವುದಿಲ್ಲ, ನಾನಂತೂ ಖುಷಿಯಿಂದ ತೋರಿಸುತ್ತೇನೆ. ನನ್ನ ಕಸುಬಿನ ಗೆಳೆಯರಲ್ಲೂ ಕೇಳಿಕೊಳ್ಳುತ್ತೇನೆ. ಹಳೆಯ ಬಲ್ಬ್ ಒಂದಕ್ಕೆ ಎರಡು ವೈರ್ ಬೆಸುಗೆ ಹಾಕಿ ಟೂಲ್ ಬಾಕ್ಸ್‌ನಲ್ಲಿ ಇಟ್ಟುಕೊಳ್ಳಿ. ಬಿಲ್‌ನಲ್ಲಿ ಯಾವ ಪಾರ್ಟ್ ಹಾಕಿದಿರಿ ಅಂತ ಬರೆಯುವ ಹಾಗೆ, ಏನೇನು ಟೆಸ್ಟ್ ಮಾಡಿದಿರಿ ಅಂತಲೂ ಎರಡು ಸಾಲು ಬರೆಯಿರಿ.

ಕೊನೆಯದಾಗಿ ಡೈರೆಕ್ಟ್ ಕೊಡುವ ಕೆಲಸದ ಬಗ್ಗೆ. ತಪ್ಪು ಹುಡುಕಲಾಗದಿದ್ದಾಗ ಸೆನ್ಸರ್, ರಿಲೇ ಎಲ್ಲ ಬಿಟ್ಟು, ಕೀ ಹಾಕಿದ ಕೂಡಲೇ ಫ್ಯಾನ್ ತಿರುಗುವ ಹಾಗೆ ಒಂದು ವೈರ್ ಎಳೆದುಬಿಡುತ್ತಾರೆ. ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಮುಟ್ಟಲು ಅದು ಸರಿ. ಅದನ್ನೇ ರಿಪೇರಿ ಅಂತ ಬಿಟ್ಟರೆ ಫ್ಯಾನಿನ ಬ್ರಷ್ ಬೇಗ ಸವೆಯುತ್ತದೆ, ಒಂದು ದಿನ ಫ್ಯಾನ್ ನಿಂತಾಗ ಕಾರಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಎಷ್ಟೋ ಕಡೆ ಆ ವೈರ್ ತೆಳ್ಳಗಿರುತ್ತದೆ, ಅದಕ್ಕೆ ಫ್ಯೂಸ್ ಕೂಡ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡವರು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಎಸಿ ಆಫ್ ಇಟ್ಟು ಕೀ ತಿರುಗಿಸಿ ಕಿವಿಗೊಡಿ. ಆಗಲೇ ಫ್ಯಾನ್ ಶುರುವಾಗಿ ನಿಲ್ಲದೆ ತಿರುಗುತ್ತಿದ್ದರೆ ಒಂದೋ ಸೆನ್ಸರ್ ಕಡೆ ತೊಂದರೆ ಇದೆ, ಇಲ್ಲವೇ ಹಿಂದೆ ಯಾರೋ ಡೈರೆಕ್ಟ್ ಕೊಟ್ಟಿದ್ದಾರೆ. ಎರಡರಲ್ಲಿ ಯಾವುದೇ ಆದರೂ ದೂರ ಪ್ರಯಾಣಕ್ಕೆ ಹೊರಡುವ ಮೊದಲು ವೈರಿಂಗ್ ಗೊತ್ತಿರುವವರಿಗೆ ತೋರಿಸಿ, ಆ ವೈರ್ ತೆಗೆಸಿ, ಮೊದಲು ಕೆಟ್ಟಿದ್ದೇನು ಅಂತ ಹುಡುಕಿಸಿ.

ಇಂತಿ ನಿಮ್ಮ ಓದುಗ,
ಒಬ್ಬ ಆಟೋ ಎಲೆಕ್ಟ್ರಿಷಿಯನ್